ಮೆಣಸಿನ ಹೂವಿನ ದಡಿ ಮತ್ತು ಎರಡು ಲೈಬ್ರರಿಗಳ ಜಗಳ

ನಿಮಗೂ ಹೀಗಾಗಿದೆಯಾ, ಖರೆ ಹೇಳಿ? ನಿನ್ನೆಯವರೆಗೆ ನೆಟ್ಟಗೆ ನಡೆಯುತ್ತಿದ್ದ ಒಂದು ಪ್ರೋಗ್ರಾಮು, ನೀವು ಅದರ ಕೂದಲು ಕೂಡ ಕೊಂಕಿಸದಿದ್ದರೂ, ಇವತ್ತು ಬೆಳಿಗ್ಗೆ ಏಳಲೊಲ್ಲೆ ಎಂದು ಮುಸುಕು ಹೊದ್ದು ಮಲಗಿದ್ದು? ಯಾಕಪ್ಪಾ ಎಂದು ಕೇಳಿದರೆ ಪರದೆಯ ತುಂಬ ಕೆಂಪು ಅಕ್ಷರ ಕಾರಿದ್ದು? ಅದನ್ನು ಓದಿ ಓದಿ ತಪ್ಪು ನನ್ನದೇ ಇರಬೇಕು ಅಂತ ನಿಮಗೇ ಅನ್ನಿಸತೊಡಗಿದ್ದು? ಆಗಿದ್ದರೆ ಕೂತುಕೊಳ್ಳಿ. ಆಗಿಲ್ಲದಿದ್ದರೂ ಕೂತುಕೊಳ್ಳಿ. ನನಗೆ ಇವತ್ತು ಸಿಟ್ಟು ಬಂದಿದೆ, ಯಾರಿಗಾದರೂ ಹೇಳಲೇಬೇಕು.

ಬೆಳಿಗ್ಗೆ ಬೆಟಗೇರಿಯಿಂದ ರೇಣುಕಾ ಫೋನು ಮಾಡಿದ್ದಳು. ನನ್ನ ಕಾಕುವಿನ ಸೊಸೆ. "ಅಕ್ಕಾರ, ಕಂಪ್ಯೂಟರ್ ಏನೋ ಕೇಳಾಕತ್ತೈತ್ರಿ. ಹೊಸಾದು ಬಂದೈತಿ, ಹಾಕ್ಕೊಳ್ಳಲೇನು ಅಂತೈತಿ. ಒತ್ತಲೇನ್ರಿ?"

"ಏನೂ ಒತ್ತಬ್ಯಾಡ! ಕೈ ತೆಗಿ ಅದರ ಮ್ಯಾಲಿಂದ!"

ನಾನು ಒದರಿದ ರಭಸಕ್ಕೆ, ಮಗಳ ಲಗ್ನಪತ್ರಿಕೆಯ ಮಾದರಿ ಆರಿಸುತ್ತ ಕೂತಿದ್ದ ಹರ್ತಿಯ ಗಂಡಹೆಂಡತಿ ಬೆಚ್ಚಿಬಿದ್ದು, ಕೈಯಲ್ಲಿದ್ದ ಗಣಪತಿಯ ಚಿತ್ರವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ನಿಮಗಲ್ಲ ಅಂದದ್ದು ಎಂದು ಸಮಾಧಾನ ಮಾಡಿ ಕಳಿಸುವುದರೊಳಗೆ ನನಗೆ ಸಾಕಾಯಿತು. ಅವರು ಹೋದ ಮೇಲೆ ಮೇಜಿನ ಕೆಳಗೆ ಬಿದ್ದ ಪೆನ್ನು ತೆಗೆಯಲು ಬಗ್ಗಿದೆ. ಕೈಗೆ ಮೆತ್ತಗೆ ಏನೋ ತಾಗಿತು. ನನ್ನ ಕಂಪ್ಯೂಟರಿನ ವೈರುಗಳನ್ನೆಲ್ಲ ಒಟ್ಟುಮಾಡಿ ಕಟ್ಟಿದ ದಾರದ ಜುಟ್ಟು ಅದು. ದಾಳಿಂಬೆ ಬಣ್ಣ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಗಂಜಿಯ ವಾಸನೆ.

ಆ ದಾರದ ಕತೆಯೇ ಇದು.

ಕಾಕು ಅಂದರೆ ನಮ್ಮ ಅಪ್ಪನ ತಮ್ಮನ ಹೆಂಡತಿ. ಅವಳ ಮನೆಯಲ್ಲಿ ಮೊದಲು ಮಗ್ಗ, ಆಮೇಲೆ ಮನುಷ್ಯರು. ಪಡಸಾಲೆಯ ಒಳ್ಳೆಯ ಬೆಳಕೆಲ್ಲ ಮಗ್ಗಕ್ಕೆ. ನಾವು ಉಣ್ಣುವುದು ಅಡುಗೆಮನೆಯ ಕತ್ತಲೆಯಲ್ಲಿ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟುಕೊಂಡು ನೇಯುವ ಮಗ್ಗ. ಸೂಟಿಯಲ್ಲಿ ಅವಳ ಮನೆಗೆ ಹೋದರೆ, ನಾನು ಆ ಕುಣಿಯ ಅಂಚಿಗೆ ಕೂತು ಅವಳ ಬೈಗುಳ ಕೇಳುತ್ತ ಬೆಳೆದವಳು. ಕಾಕುವಿಗೆ ಬೈಗುಳವೇ ಮಾತು. ಪ್ರೀತಿ ಹೆಚ್ಚಾದರೆ ಬೈಗುಳ ಉದ್ದವಾಗುತ್ತದೆ, ಅಷ್ಟೇ.

ಅವಳ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮಗ್ಗ ಬರಿದಾಗಬಾರದು. ಸೀರೆ ಮುಗಿದು ಕತ್ತರಿಸಿ ಇಳಿಸುವಾಗ, ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ, ಎಳೆಗಳನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಗೇಣುದ್ದ ತುದಿಯನ್ನು ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಒಂದೊಂದು ಎಳೆಗೂ ಹೊಸ ಒಂದೊಂದು ಎಳೆ ಹೊಸೆದು ಕೂಡಿಸುತ್ತಾರೆ. ಹಾಗೆ ಮಾಡದಿದ್ದರೆ ಅಷ್ಟೂ ಎಳೆಗಳನ್ನು ಮತ್ತೆ ಮೊದಲಿನಿಂದ ಒಂದೊಂದಾಗಿ ಮಗ್ಗಕ್ಕೆ ಪೋಣಿಸಬೇಕು, ಜೀವ ಹೋಗುತ್ತದೆ. ಕಾಕುವಿನ ಬೆರಳುಗಳು ಆ ಕೆಲಸ ಮಾಡುವುದನ್ನು ನೋಡುತ್ತ ನಾನು ಮೈಮರೆಯುತ್ತಿದ್ದೆ. ಅರ್ಧದಷ್ಟು ಹೊತ್ತು ಮಾತ್ರ. ಆಮೇಲೆ ಬೇಸರ ಬಂದು ಹೊರಗೆ ಗಜ್ಜುಗ ಆಡಲು ಓಡುತ್ತಿದ್ದೆ. ಹಾಗೆ ಓಡಿದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಕುವಿನ ಮನೆಯದೇ ಒಂದು ದಡಿ ಇದೆ. ಸೀರೆಯ ಅಂಚಿಗೆ ನಮ್ಮಲ್ಲಿ ದಡಿ ಅನ್ನುವುದು. ಮೆಣಸಿನ ಹೂವಿನ ದಡಿ. ಮೆಣಸಿನ ಗಿಡದ ಹೂವು ನೋಡಿದ್ದೀರಲ್ಲ, ಸಣ್ಣದು, ಬಿಳಿದು, ನಾಚಿದಂತೆ ತಲೆ ಕೆಳಗೆ ಹಾಕಿರುತ್ತದೆ. ದಡಿಯ ಉದ್ದಕ್ಕೂ ಅಂಥ ಹೂವು. ಅದನ್ನು ನೇಯಲು ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಸರವೊಂದು ತಿರುಗುತ್ತದೆ; ಎಲ್ಲಿ ತೂತೋ ಅಲ್ಲಿ ಎಳೆ ಮೇಲೇಳುತ್ತದೆ. ಹಳೆಯ ಪಟ್ಟಿಗಳು ಸವೆಯುತ್ತ ಬಂದಾಗ ನಾನೇ ಆ ನಕ್ಷೆಯನ್ನು ಕಂಪ್ಯೂಟರಿಗೆ ಇಳಿಸಿದ್ದೆ.

ಗದಗಿನಲ್ಲಿ ನನ್ನದು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು ಮಾಡಿಕೊಡುವ ಸಣ್ಣ ಅಂಗಡಿ. ಕದ್ದ ಸಾಫ್ಟ್‌ವೇರಿಗೆ ಹತ್ತಿದ ವೈರಸ್ಸಿನಿಂದ ಒಂದು ಲಗ್ನಸರಾಯಿಯ, ಅಂದರೆ ಇಡೀ ಮದುವೆ ಹಂಗಾಮಿನ, ಕೆಲಸವೆಲ್ಲ ಹೋದ ಮೇಲೆ, ಸಿಟ್ಟಿನಿಂದ ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಕೊಂಡವಳು ನಾನು. ನನ್ನ ಜೀವನದ ಮುಖ್ಯ ನಿರ್ಧಾರಗಳೆಲ್ಲ ಸಿಟ್ಟಿನಲ್ಲೇ ಆದವು. ನೇಯ್ಗೆಯ ನಕ್ಷೆ ಬಿಡಿಸಲು ಯಾರೋ ಪುಣ್ಯಾತ್ಮ ಬರೆದು ಪುಕ್ಕಟೆ ಬಿಟ್ಟಿದ್ದ ಹಳೆಯ ಪ್ರೋಗ್ರಾಮೊಂದು ಸಿಕ್ಕಿತು. ಅದರಲ್ಲಿ ಕಾಕುವಿನ ಹೂವು ಬಿಡಿಸಿಟ್ಟೆ. ಆ ಫೈಲನ್ನು ಆ ಪ್ರೋಗ್ರಾಮು ಮಾತ್ರ ಓದುತ್ತದೆ, ಬೇರೆ ಯಾವುದೂ ಓದುವುದಿಲ್ಲ. ಆಗ ಅದು ನನಗೆ ದೊಡ್ಡ ಸಂಗತಿ ಅನ್ನಿಸಲಿಲ್ಲ.

ಈಗ ಈರಣ್ಣನ ವಿಷಯಕ್ಕೆ ಬರುತ್ತೇನೆ. ಕಾಕುವಿನ ಒಬ್ಬನೇ ಮಗ. ಅವನೂ ಮಗ್ಗದಲ್ಲಿ ಕೂರುತ್ತಾನೆ, ಒಳ್ಳೆಯ ಕೈ. ಅವನಿಗೆ ಹೆಣ್ಣು ಹುಡುಕಿ ನಾವು ಸೋತಿದ್ದೆವು. ಲಕ್ಷ್ಮೇಶ್ವರದವರು ಚಹಾ ಕುಡಿದು, ಮಗ್ಗ ನೋಡಿ, ಖಬರ ಕಳಿಸುತ್ತೇವೆ ಎಂದು ಹೋದವರು ಇನ್ನೂ ಕಳಿಸುತ್ತಿದ್ದಾರೆ. ಶಿರಹಟ್ಟಿಯ ಹುಡುಗಿಯಂತೂ ಎದುರಿಗೇ ಹೇಳಿದಳು, "ದಿನಾ ಕುಣ್ಯಾಗ ಇಳಿಯೋ ಗಂಡ ನನಗ ಬ್ಯಾಡ್ರಿ." ಈರಣ್ಣ ನಕ್ಕ. ಆದರೆ ಆ ವಾರವೆಲ್ಲ ಅವನು ನೇಯ್ದ ಬಟ್ಟೆ ಬಿಗಿಯಾಗಿ ಹಲಗೆಯಂತಾಗಿತ್ತು ಎಂದು ಕಾಕು ಆಮೇಲೆ ಹೇಳಿದಳು.

ಕಡೆಗೆ ಮುಂಡರಗಿ ಕಡೆಯ ಹಿರೇವಡ್ಡಟ್ಟಿಯ ರೇಣುಕಾ. ಒಕ್ಕಲುತನದ ಮನೆ. ಮಗ್ಗ ನೋಡಲು ಬಂದವಳು ಮಗ್ಗವನ್ನೇ ನೋಡಿದಳು, ಈರಣ್ಣನನ್ನು ಆಮೇಲೆ ನೋಡಿದಳು. ಕಾಕು ಉಟ್ಟಿದ್ದ ಸೀರೆಯ ದಡಿ ಕೈಯಲ್ಲಿ ಹಿಡಿದು, "ಇದು ಮೆಣಸಿನಕಾಯಿ ಹೂ ಅಲ್ರಿ? ನಮ್ಮ ಹೊಲದಾಗಿಂದು" ಎಂದಳು. ಬೆಟಗೇರಿಯಲ್ಲಿ ಅದನ್ನು ಮಲ್ಲಿಗೆ ಎಂದೋ ತುಂಬೆ ಎಂದೋ ತಿಳಿದವರೇ ಎಲ್ಲರೂ. ಆಮೇಲೆ ಲಗ್ನದ ಸೀರೆಯ ಮಾತು ಬಂದಾಗ ಅವಳೇ ಬಾಯಿಬಿಟ್ಟಳು, "ಮಗ್ಗದ ಮನಿಗೆ ಬರಾಕತ್ತೀನಿ. ಅಂಗಡಿ ಸೀರಿ ಉಟ್ಟು ಅಕ್ಕಿಕಾಳು ಹಾಕಿಸ್ಕೊಳ್ಳಲೇನು? ಇದೇ ದಡಿದು ಬೇಕು ನನಗ."

ಕಾಕುವಿನ ಮುಖ ನೋಡಬೇಕಿತ್ತು ನೀವು. "ಆತು ಯವ್ವಾ, ನನ್ನ ಮಾತು" ಎಂದುಬಿಟ್ಟಳು.

ಮಾತು ಕೊಟ್ಟು, ಮಗ್ಗದ ಮೇಲಿನ ಅಟ್ಟದಿಂದ ರಟ್ಟಿನ ಪಟ್ಟಿಗಳನ್ನು ಇಳಿಸಿ ನೋಡಿದರೆ, ಮಾಳಿಗೆ ಸೋರಿ, ಎಲ್ಲ ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಕಟ್ಟಿನಂತಾಗಿದ್ದವು. ಯಾರೂ ಗಾಬರಿಯಾಗಲಿಲ್ಲ. "ಕಂಪ್ಯೂಟರ್‌ನ್ಯಾಗ ಐತಲ್ಲ" ಎಂದ ಈರಣ್ಣ. "ಐತಿ, ಐತಿ" ಎಂದೆ ನಾನು. ಎಷ್ಟು ಗತ್ತಿನಿಂದ ಎಂದೆ, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಯಾಕೆಂದರೆ ಅದರ ಹಿಂದಷ್ಟೇ, ಅಂಗಡಿಯ ಹೊಸ ಪ್ರಿಂಟರಿಗಾಗಿ, ನಾನು ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿದ್ದೆ. ನಕ್ಷೆಯ ಪ್ರೋಗ್ರಾಮು ಒತ್ತಿದರೆ, ಉಸಿರಿಲ್ಲ.

ಸರಿ, ಆ ಪುಣ್ಯಾತ್ಮ ಬರೆದಿಟ್ಟ ಪ್ರೋಗ್ರಾಮಿನ ಮೂಲ ಬರಹ ಇದೆಯಲ್ಲ, ಹೊಸ ಲಿನಕ್ಸಿನಲ್ಲಿ ಮತ್ತೆ ಕಟ್ಟಿಕೊಂಡರಾಯಿತು ಎಂದು ಕೂತೆ. ಈ ಕಟ್ಟುವುದು ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲಗ್ನದ ಅಡುಗೆ ಇದ್ದಂತೆ. ಕಂಪೈಲರ್ ಅಡುಗೆಯವನು, ಮನುಷ್ಯರು ಬರೆದದ್ದನ್ನು ಯಂತ್ರ ಉಣ್ಣುವಂತೆ ಬೇಯಿಸುತ್ತಾನೆ. ಆದರೆ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಅವನು ಮಾಡುವುದಿಲ್ಲ, ಮಾಡುವ ಮನೆಗಳಿಂದ ತರಿಸುತ್ತಾರೆ. ಆ ಮನೆಗಳೇ ಲೈಬ್ರರಿಗಳು. ಚಿತ್ರ ಓದುವುದು ಒಂದು ಮನೆ, ಕಿಟಕಿ ಬಿಡಿಸುವುದು ಒಂದು ಮನೆ. ಎಲ್ಲಿಂದ ಏನು ತರಿಸಬೇಕೆಂದು ಹೊಂದಿಸುವವನು ಲಿಂಕರ್.

ಮೊದಲು ಅಡುಗೆಯವನೇ ಜಗಳ ತೆಗೆದ. ಹಿಂದೆ ಒಂದೇ ಹೆಸರಿನ ಡಬ್ಬಿ ಎರಡು ಕಡೆ ಇದ್ದರೂ ಒಂದೇ ಎಂದು ತಿಳಿದು ಸುಮ್ಮನಿರುತ್ತಿದ್ದ ಕಂಪೈಲರು, ಈಗ ಹೊಸ ಅವತಾರದಲ್ಲಿ, ಈ ಹೆಸರು ಇಲ್ಲಿಯೂ ಇದೆ ಅಲ್ಲಿಯೂ ಇದೆ, ಆಗುವುದಿಲ್ಲ ಅಂತ ಕೆಂಪು ಮಾರಿ ಮಾಡಿದ. ಅಲ್ಲಪ್ಪಾ, ಇಷ್ಟು ವರ್ಷ ಆಗುತ್ತಿತ್ತಲ್ಲ? ಬರೆದವನ ಒಂದಕ್ಷರ ಬದಲಾಗಿಲ್ಲ. ನಿನ್ನ ಸ್ವಭಾವ ಬದಲಾಗಿದ್ದಕ್ಕೆ ತಪ್ಪು ನಮ್ಮದಾ? ನಮ್ಮ ಕಾಕುವಿನ ಮಗ್ಗ ಅವಳ ಅತ್ತೆಯ ಕಾಲದ್ದು. ಇವತ್ತಿನ ದಾರ ಕೊಟ್ಟರೆ ಇವತ್ತಿನ ಸೀರೆ ಕೊಡುತ್ತದೆ. ನೀನು ಯಾಕೆ ಹೊಸದಾಗಿ ಹುಟ್ಟಿದಾಗಲೆಲ್ಲ ನಮ್ಮ ಗುರುತು ಮರೆಯಬೇಕು?

ಹಳೆಯ ರೀತಿ ನಡೆದುಕೊ ಎಂದು ಅವನಿಗೆ ಹೇಳುವ ಒಂದು ಗುಟ್ಟು ಸಿಕ್ಕಿತು. ಹೇಳಿದೆ. ಆಗ ಲಿಂಕರ್ ಎದ್ದ. ಇಂಥ ಹೆಸರು ಸಿಗುತ್ತಿಲ್ಲ, ಅಂಥ ಹೆಸರು ಸಿಗುತ್ತಿಲ್ಲ. ಲೈಬ್ರರಿಗಳನ್ನು ಹೇಳುವ ಅನುಕ್ರಮ ಬದಲಿಸಿದರೆ ಸಿಕ್ಕವು. ಅಂದರೆ ಎದುರಿಗೇ ಇದ್ದವು! ರೊಟ್ಟಿಯ ಹೆಸರು ಚಟ್ನಿಗಿಂತ ಮೊದಲು ಕೂಗಿದ್ದಕ್ಕೆ ರೊಟ್ಟಿ ಕಾಣಿಸುವುದಿಲ್ಲ ಅನ್ನುವ ಬಡಿಸುವವನನ್ನು ನಮ್ಮ ಊರಲ್ಲಾದರೆ ಪಂಕ್ತಿಯಿಂದಲೇ ಓಡಿಸುತ್ತಿದ್ದರು.

ಅಂತೂ ಪ್ರೋಗ್ರಾಮು ಕಟ್ಟಿಯಾಯಿತು. ತೆರೆಯಿತು ಕೂಡ. ಕುಣಿದಾಡಿದೆ. ಮೆಣಸಿನ ಹೂವಿನ ಫೈಲು ಒತ್ತಿದೆ. ಧಪ್ ಎಂದು ಬಿತ್ತು. ಮತ್ತೆ ತೆರೆದೆ, ಮತ್ತೆ ಬಿತ್ತು. ಹೂವು ಕಂಡರೆ ಸಾಕು ಮೂರ್ಛೆ ಹೋಗುತ್ತಿತ್ತು.

ಈ ನಡುವೆ ಕಾಕು ದಿನಾ ಫೋನು ಮಾಡುತ್ತಿದ್ದಳು. "ಏನಲೇ, ಹೂವು ಅರಳಿತೇನು?"

"ಇನ್ನೂ ಇಲ್ಲ ಕಾಕು."

"ಅಮಾಸಿ ದಾಟಿತಂದ್ರ ಲಗ್ನದೊಳಗ ಸೀರಿ ಇಳಿಯೂದಿಲ್ಲ, ನೋಡು. ಆ ಹುಡುಗಿಗೆ ನಾ ಏನ್ ಮಾರಿ ತೋರ್ಸಲಿ?"

ಒಂದು ದಿನ ಈರಣ್ಣ ಸಣ್ಣ ದನಿಯಲ್ಲಿ, "ಇರ್ಲಿ ಬಿಡಬೇ, ಅಂಗಡ್ಯಾಗಿಂದ ಚೊಲೋದು ಒಂದು ತರೂನು" ಎಂದನಂತೆ. ಕಾಕು, "ಹಂಗಾದ್ರ ಮಗ್ಗಾನೂ ಅಲ್ಲೇ ಇಟ್ಟು ಬಾ, ನಿನ್ನೂ ಅಲ್ಲೇ ಇಟ್ಟು ಬರ್ತೀನಿ" ಎಂದಳಂತೆ. ಆದರೆ ಫೋನಿನಲ್ಲಿ ನನಗೆ ಇದನ್ನು ಹೇಳುವಾಗ ಬೈಗುಳ ಗಿಡ್ಡವಾಗಿತ್ತು. ಕಾಕುವಿನ ಬೈಗುಳ ಗಿಡ್ಡವಾದರೆ ನನಗೆ ಹೆದರಿಕೆ.

ಸಲಹೆ ಕೊಡುವವರಿಗೇನು ಕಮ್ಮಿ? ಕಂಪ್ಯೂಟರ್ ರಿಪೇರಿಯವನೊಬ್ಬ ಪರದೆ ನೋಡದೆಯೇ, "ಮೇಡಂ, ಲಿನಕ್ಸ್ ನಿಮಗ್ಯಾಕ ಬೇಕಾಗಿತ್ತ್ರಿ? ಎಲ್ಲಾ ಒರಸಿ ಹೊಸಾದು ಹಾಕಿಕೊಡ್ತೀನಿ" ಎಂದ. ಒರೆಸಬೇಕಂತೆ! ಮನೆಯಲ್ಲಿ ಒಂದು ಬಾಗಿಲು ಕಿರುಗುಟ್ಟಿದರೆ ಮನೆ ಕೆಡವುತ್ತೀಯೇನಪ್ಪಾ? ಇಂಟರ್ನೆಟ್ಟಿನ ಚರ್ಚಾಕೂಟದಲ್ಲಿ ಕೇಳಿದೆ. ಒಬ್ಬ, ಇಷ್ಟು ಹಳೆಯ ಪ್ರೋಗ್ರಾಮು ಯಾಕೆ ಬಳಸುತ್ತೀರಿ ಎಂದ. ಇನ್ನೊಬ್ಬ, ನನಗೆ ಸರಿಯಾಗಿ ನಡೆಯುತ್ತಿದೆ ಎಂದ. ಸಂತೋಷ! ನಿನಗೆ ನಡೆದದ್ದನ್ನು ನಾನು ಬೆಟಗೇರಿಯ ಸೀರೆಗೆ ಹೊಲಿಯಲೇನು? ಮೂರನೆಯವನೊಬ್ಬ ಮಾತ್ರ, ಪೂರ್ತಿ ಸಂದೇಶ ಓದಿ, ನಡುವಿನದನ್ನೂ ಓದಿ ಎಂದು ಒಂದೇ ಸಾಲು ಬರೆದು ಹೋದ. ಅವನಿಗೂ ಬೈದೆ. ಓದಿಲ್ಲವೇ ನಾನು?

ಓದಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಕಾಟ ಎಂದು, ಈರಣ್ಣನ ಸ್ಕೂಟರಿನ ಮೇಲೆ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಬೆಟಗೇರಿಗೆ ಹೋದೆ. ಪಡಸಾಲೆಯಲ್ಲಿ ಮಗ್ಗದ ಪಕ್ಕದಲ್ಲೇ ಕೂತೆ. ಕಾಕು ಆಗಲೇ ಲಗ್ನದ ಸೀರೆಗೆ ದಾಳಿಂಬೆ ಬಣ್ಣದ ಹಾಸು ತಂದು, ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ತುದಿಗೆ ಹೊಸ ಎಳೆ ಕೂಡಿಸಲು ಕೂತಿದ್ದಳು. ಹಿಂದಿನ ಹಾಸೂ ಅದೇ ಬಣ್ಣದ್ದೇ. ದಡಿ ಬರುತ್ತದೋ ಇಲ್ಲವೋ, ಹಾಸು ತಯಾರಿರಬೇಕು ಎಂಬುದು ಅವಳ ಹಟ. ನಾನು ಮತ್ತೊಮ್ಮೆ ಮೊದಲಿನಿಂದ ಕಟ್ಟಲು ಹಚ್ಚಿ, ಈ ಸಲ ಹರಿದುಹೋಗುವ ಸಾಲುಗಳನ್ನು ಹಿಡಿದು ನಿಲ್ಲಿಸಿ, ಪಂಚಾಂಗ ಓದಿದಂತೆ ಓದಿದೆ.

ನಡುವೆ ಇತ್ತು. ಯಾವ ಬಣ್ಣವೂ ಇಲ್ಲದೆ, ಮೆಲ್ಲಗೆ ಒಂದು ಸಾಲು. ಕಿಟಕಿ ಬಿಡಿಸುವ ಲೈಬ್ರರಿಗೆ ಬೇಕಾದ ಹೊಸ ಚಿತ್ರದ ಲೈಬ್ರರಿಗೂ, ನೀವು ಕೊಟ್ಟಿರುವ ಹಳೆಯ ಚಿತ್ರದ ಲೈಬ್ರರಿಗೂ ಜಗಳ ಆಗಬಹುದು ಅಂತ.

ಆಗಬಹುದು! ಓದುಗರೇ, ನನ್ನ ಸಿಟ್ಟಿಗೆ ಕಾರಣ ಇದು. ಕೆಲಸಕ್ಕೆ ಬಾರದ ಸಣ್ಣಪುಟ್ಟದಕ್ಕೆಲ್ಲ ಕೆಂಪು ಅಕ್ಷರದಲ್ಲಿ ಎದೆ ಬಡಿದುಕೊಂಡ ಈ ಲಿಂಕರ್, ಮನೆ ಮುರಿಯುವ ಒಂದು ಮಾತನ್ನು ಗುಂಪಿನ ನಡುವೆ ಪಿಸುಗುಟ್ಟಿ ಮುಂದೆ ಹೋಗಿದ್ದಾನೆ. ಲಗ್ನದ ಮಾತುಕತೆಯಲ್ಲಿ ಮೂಲೆಗೆ ಕೂತು ಹಿರಿಯನೊಬ್ಬ, ನೋಡ್ರಿ, ಹುಡುಗ ಸ್ವಲ್ಪ ಕುಡಿಯಬಹುದು, ಅಂದಂತೆ. ಗಟ್ಟಿಯಾಗಿ ಹೇಳೋ ಮಾರಾಯ!

ಕಟ್ಟಿದ ಪ್ರೋಗ್ರಾಮು ಯಾವ ಯಾವ ಲೈಬ್ರರಿಯನ್ನು ಎಲ್ಲಿಂದ ಎತ್ತಿಕೊಳ್ಳುತ್ತದೆ ಎಂದು ತೋರಿಸುವ ಒಂದು ಆಜ್ಞೆ ಇದೆ. ಕೊಟ್ಟೆ. ಒಂದೇ ಹೆಸರು ಎರಡು ಸಲ ಬಂತು. ಒಂದು ಲಿನಕ್ಸ್ ತಾನೇ ತಂದ ಹೊಸದು. ಇನ್ನೊಂದು, ಮೊದಲ ಸಲ ಈ ಪ್ರೋಗ್ರಾಮು ಹಾಕುವಾಗ ನಾನೇ ಕೈಯಾರೆ ಕಟ್ಟಿ ಬೇರೆ ಕೋಣೆಯಲ್ಲಿ, ಅಂದರೆ ಬೇರೆ ಫೋಲ್ಡರಿನಲ್ಲಿ, ಇಟ್ಟದ್ದು. ಹೂವಿನ ಚಿತ್ರ ಬಂದ ಕೂಡಲೇ ಆ ಹೆಸರು ಕೂಗುತ್ತಾರೆ, ಇಬ್ಬರೂ ಓ ಅನ್ನುತ್ತಾರೆ, ಒಬ್ಬರಿಗೆ ಕೊಡಬೇಕಾದ ತಟ್ಟೆ ಇನ್ನೊಬ್ಬರ ಕೈಗೆ ಹೋಗಿ ಪಂಕ್ತಿಯೇ ಬಿದ್ದುಹೋಗುತ್ತದೆ.

ಆ ಹಳೆಯದನ್ನು ನಾನು ಯಾಕೆ ಇಟ್ಟುಕೊಂಡಿದ್ದೆ ಗೊತ್ತೇ? ಹೊಸ ಆವೃತ್ತಿಗೆ ಏರುವಾಗ, ಇದನ್ನು ತೆಗೆದು ಹಾಕಿ ಎಂದು ಎಲ್ಲರೂ ಬರೆದಿದ್ದರು. ನಾನು ತೆಗೆಯಲಿಲ್ಲ. ಹಳೆಯ ತುದಿಯನ್ನು ಪೂರ್ತಿ ಎಳೆದು ತೆಗೆಯಬಾರದು, ಹೊಸದು ಅದಕ್ಕೇ ಕೂಡಬೇಕು. ನಾನು ಮಗ್ಗದ ಮನೆಯಲ್ಲಿ ಬೆಳೆದವಳು! ಪ್ರತಿ ಸಲವೂ ಹಳೆಯದನ್ನು ಜೋಪಾನವಾಗಿ ಉಳಿಸಿ, ಅದರ ಮೇಲೆ ಹೊಸದು ಹಾಕುತ್ತ ಬಂದಿದ್ದೆ. ಒರೆಸಿ ಹಾಕುವವರನ್ನು ಕಂಡರೆ, ಇವರಿಗೆ ಮನೆತನ ಇಲ್ಲ ಎಂದು ಬೇರೆ ಅಂದುಕೊಳ್ಳುತ್ತಿದ್ದೆ.

ಈಗಲೂ ಅಳಿಸಲು ಕೈ ಬರಲಿಲ್ಲ. ಕಾಕುವಿನ ಕಡೆ ತಿರುಗಿದೆ. "ಕಾಕು, ಕೂಡಿಸಿದ ಮ್ಯಾಲ ಈ ಹಳೇ ತುದಿ ಏನಾಗತೈತಿ?"

"ಏನಾಗತೈತಿ? ಹೊಸಾದನ್ನ ಎಳ್ಕೊಂಡು ಈ ಕಡಿ ಬರತೈತಿ. ಆಮ್ಯಾಲ ಕತ್ತರಿಸಿ ಒಗಿಯೂದು."

"ಒಗಿಯೂದಾ?"

"ಮತ್ತೇನು, ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡಬೇಕಾಗಿತ್ತೇನು? ಗಂಟು ಗಂಟಿರೂದನ್ನ ಯಾರರ ಸೀರ್ಯಾಗ ನೇಯ್ತಾರೇನಲೇ? ಇಷ್ಟು ವರ್ಷ ಇಲ್ಲೇ ಕುಂತು ಏನ್ ನೋಡಿದಿ ನೀನು?"

ಅರ್ಧ ನೋಡಿದೆ. ಉಳಿದರ್ಧ ಗಜ್ಜುಗ ಆಡಿದೆ. ಈರಣ್ಣ ಗೋಡೆಗೆ ಒರಗಿ ನಗತೊಡಗಿದ. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಲಿ? ಕಂಪೈಲರಿನ ಮೇಲೇ ಹಾಕಿದೆ; ಅವನಿಗೆ ರೂಢಿಯಿದೆ.

ಹಳೆಯ ಲೈಬ್ರರಿಯನ್ನು ಎತ್ತಿ ಆಚೆ ಹಾಕಿದೆ. ಮೊದಲು ಬೇಯಿಸಿಟ್ಟ ಚೂರುಪಾರನ್ನೆಲ್ಲ ಚೆಲ್ಲಿದೆ. ಹಳಸಿದ್ದು ಒಂದು ಚೂರು ಉಳಿದರೂ ಮತ್ತೆ ಅದೇ ಕತೆ. ಹೊಸ ಲೈಬ್ರರಿಯವರು ಒಂದೆರಡು ಹೆಸರು ಬದಲಿಸಿಕೊಂಡಿದ್ದರು, ಯಾರನ್ನು ಕೇಳಿ ಬದಲಿಸಿದರೋ ಅವರಿಗೇ ಗೊತ್ತು. ಮೂಲ ಬರಹದಲ್ಲಿ ಅವನ್ನು ತಿದ್ದಿದೆ. ಮತ್ತೆ ಕಟ್ಟಿದೆ. ಆ ಪಿಸುಮಾತಿನ ಸಾಲು ಈ ಸಲ ಬರಲಿಲ್ಲ. ಫೈಲು ಒತ್ತುವಾಗ ನಾನು ಕಣ್ಣು ಮುಚ್ಚಿಕೊಂಡೆ.

ಮೊದಲು ಕೇಳಿದ್ದು ಕಾಕುವಿನ ದನಿ. "ಬಂತಲ್ಲೇ."

ಪರದೆಯ ತುಂಬ ಮೆಣಸಿನ ಹೂವು, ತಲೆ ಕೆಳಗೆ ಹಾಕಿ. ಅಮಾವಾಸ್ಯೆಯೊಳಗೆ, ಅದನ್ನು ನೋಡಿ ತೂತು ಕೊರೆದ ಹೊಸ ರಟ್ಟಿನ ಪಟ್ಟಿಗಳು ಮಗ್ಗವೇರಿದವು. ದಡಿಯನ್ನು ಕಾಕುವೇ ನೇಯ್ದಳು. ತನ್ನ ಲಗ್ನದ ಸೀರೆಗೆ ತಾನೇ ಕೈ ಹಾಕಬಾರದು ಎಂದು ಈರಣ್ಣನನ್ನು ಹತ್ತಿರ ಬಿಡಲಿಲ್ಲ. ಅಂಥ ಶಾಸ್ತ್ರವೇನೂ ಇಲ್ಲ, ಅವಳಿಗೇ ನೇಯಬೇಕಿತ್ತು. ರೇಣುಕಾ ಆ ಸೀರೆಯಲ್ಲೇ ಅಕ್ಕಿಕಾಳು ಹಾಕಿಸಿಕೊಂಡು ಬಂದಳು. ಬಂದವಳು ಸ್ವಲ್ಪ ದಿನಕ್ಕೇ ನನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ಈ ಹೂವಿನ ಪಕ್ಕ ಒಂದು ಕಾಯಿ ಯಾಕಿರಬಾರದು ಎಂದು ಕೇಳತೊಡಗಿದಳು. ಅದಕ್ಕಾಗಿಯೇ ಅವರ ಮನೆಯಲ್ಲೂ ಒಂದು ಕಂಪ್ಯೂಟರು ಬಂತು. ನನ್ನ ಅಂಗಡಿಯ ಯಂತ್ರದಲ್ಲಿದ್ದುದನ್ನೆಲ್ಲ ನಾನೇ ಅದಕ್ಕೂ ಹಾಕಿ, ಕಟ್ಟುವುದನ್ನೂ ಕಲಿಸಿಕೊಟ್ಟೆ; ಚಟ ಬಿಡದೆ, ಚಿತ್ರದ ಲೈಬ್ರರಿಯ ಒಂದು ಪ್ರತಿಯನ್ನು ಅಲ್ಲೂ ಬೇರೆ ಕೋಣೆಯಲ್ಲಿ ಇಟ್ಟೆ.

ಕತ್ತರಿಸಿದ ಆ ತುದಿಯನ್ನು ಕಾಕು ಒಗೆಯಲಿಲ್ಲ, ನೋಡಿ. ನನ್ನ ಕೈಗೆ ತುರುಕಿದಳು. "ನಿನ್ನ ಡಬ್ಬಿ ಹಿಂದ ಆ ಹಾವಿನಂಥ ವೈರ್ ಅದಾವಲ್ಲ, ಅವನ್ನರ ಕಟ್ಟು."

ಮೇಜಿನ ಕೆಳಗೆ ಆ ಜುಟ್ಟು ಹಿಡಿದುಕೊಂಡು ಇಷ್ಟೆಲ್ಲ ನೆನಪಾಗುವಷ್ಟರಲ್ಲಿ, ಬೆಳಿಗ್ಗೆ ರೇಣುಕಾಳಿಗೆ ಒದರಿದ್ದು ಸರಿಯಲ್ಲ ಅನ್ನಿಸಿತು. ಯಾವತ್ತೋ ಒಂದು ದಿನ ಒತ್ತಲೇಬೇಕಲ್ಲ. ಫೋನು ಹಚ್ಚಿದೆ.

"ರೇಣುಕಾ, ನಾ ಬಂದ ಮ್ಯಾಲ ಒತ್ತೂನು, ಹೆದರಬ್ಯಾಡ."

"ಅಕ್ಕಾರ, ನೀವು ಕೈ ತೆಗಿ ಅನ್ನೂದ್ರಾಗ ಒತ್ತಿ ಆಗಿತ್ತ್ರಿ. ನಿಮ್ಮ ದನಿ ಕೇಳಿ ಹೇಳಾಕ ಹೆದರಿಕಿ ಬಂತು."

"ಅಯ್ಯೋ! ಈಗ?"

"ಈಗ ಪ್ರೋಗ್ರಾಮ್ ಏಳವಲ್ದು. ನೀವು ಕಲಿಸಿದಂಗ ತಿರುಗಿ ಕಟ್ಟಾಕ ಹಚ್ಚೀನ್ರಿ. ಕೆಂಪು ಅಕ್ಷರ ಭಾಳ ಬಂದಾವು, ಅವನ್ನ ಬಿಟ್ಟೀನಿ. ನಡುವ ಒಂದು ಸಾಲು ಸುಮ್ನ ಕುಂತೈತಿ, ಜಗಳ ಆಗಬಹುದು ಅಂತ. ಅದನ್ನ ಹಿಡಕೊಂಡೀನಿ. ಹಳೇದು ಯಾವ ಕೋಣ್ಯಾಗೈತಿ ಅಂತ ಹುಡಕಾಕತ್ತೀನಿ. ಅತ್ತಿ ಇಲ್ಲೇ ಅದಾರ, ನಿಮಗ ಬರಾಕ ಹೇಳು ಅಂತಾರ."

ಹಿಂದಿನಿಂದ ಕಾಕುವಿನ ದನಿ, ಉದ್ದವಾದ ಬೈಗುಳದ ಕೊನೆಯ ತುಣುಕು ಮಾತ್ರ ಕೇಳಿಸಿತು: "…ಬಾ ಅನ್ನು, ಈ ಸಲ ಅರ್ಧಕ್ಕ ಎದ್ದು ಓಡಬ್ಯಾಡ ಅನ್ನು!"

ಅಂಗಡಿಯ ಬಾಗಿಲು ಎಳೆದಿದ್ದೇನೆ. ಬೆಟಗೇರಿಗೆ ಹೊರಟಿದ್ದೇನೆ. ಆಟೋ ಬರುವವರೆಗೆ ಇದನ್ನು ಬರೆದೆ. ಆ ಲೈಬ್ರರಿಯವರ ಮೇಲೆ, ಆ ಪಿಸುಗುಟ್ಟುವ ಲಿಂಕರಿನ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ನಿಮ್ಮ ಮನೆಯಲ್ಲೂ ಒಂದೇ ಹೆಸರಿನ ಇಬ್ಬರು ಕೂತು ಪಂಕ್ತಿ ಕೆಡಿಸಿದ್ದಾರಾ? ಯಾವ ಸಾಲು ಪಿಸುಗುಟ್ಟಿತ್ತು, ಯಾರು ಕೇಳಿಸಿಕೊಂಡರು, ಹಳೆಯದನ್ನು ಅಳಿಸಿದಿರೋ, ಉಳಿಸಿಕೊಂಡಿರೋ? ಕೆಳಗೆ ಬರೆಯಿರಿ, ಉದ್ದವಾದರೂ ಅಡ್ಡಿಯಿಲ್ಲ, ರೇಣುಕಾಳಿಗೂ ಓದಿ ಹೇಳುತ್ತೇನೆ. ಎಲ್ಲಾ ಒರೆಸಿ ಹೊಸದಾಗಿ ಹಾಕಿ ಅನ್ನುವವರು ಮಾತ್ರ ದಯವಿಟ್ಟು ಬರೆಯಬೇಡಿ. ಅವರಿಗೆ ಕಾಕುವಿನ ಫೋನ್ ನಂಬರು ಕೊಡುತ್ತೇನೆ.